ಪಾಯಪ್ಪ ಕಾಕಾರ ರಾತ್ರಿ ಗುಳಿಗೆ

ಯಕೃತ್ತು ಮುನಿಸಿಕೊಳ್ಳಬಹುದಿತ್ತು. ತೊಡೆಯ ಸ್ನಾಯುಗಳು ನೋಯಲು ಶುರುವಾಗಿ, ಅದು ಕಬ್ಬಿನ ಗದ್ದೆಯಲ್ಲಿ ದುಡಿದ ನೋವೆಂದು ತಿಳಿದು ಮನುಷ್ಯ ಸುಮ್ಮನಿರಬಹುದಿತ್ತು. ಮೂತ್ರ ಕಡು ಚಹಾದ ಬಣ್ಣಕ್ಕೆ ತಿರುಗಬಹುದಿತ್ತು. ಕೆಮ್ಮಿಗೆಂದು ಬೇರೆ ಡಾಕ್ಟರು ಕೊಟ್ಟ ಗುಳಿಗೆ ಇದರ ಜೊತೆ ಜಗಳ ತೆಗೆಯಬಹುದಿತ್ತು. ಹಿತ್ತಲಿನ ಚಕ್ಕೋತವೂ ಈ ಗುಳಿಗೆಗೆ ಆಗಿಬರುವ ಹಣ್ಣಲ್ಲ. ಇಲ್ಲವೇ ಬಸ್ಸಿನಲ್ಲಿ ಬಾಜೂ ಕೂತವರು ಯಾರೋ "ಜನ್ಮಪೂರ್ತಿ ನುಂಗೂದೇನ್ರಿ ಅದನ್ನ? ಬಿಡ್ರಿ ಅತ್ಲಾಗ" ಎಂದು ಒಂದೇ ಮಾತಿನಲ್ಲಿ ಬಿಡಿಸಿಬಿಡಬಹುದಿತ್ತು. ಕೊಲೆಸ್ಟ್ರಾಲ್ ಇಳಿಸುವ ಗುಳಿಗೆಯ ಬಗ್ಗೆ ನರ್ಸ್ ಆದವಳಿಗೆ ಗೊತ್ತಿರಬೇಕಾದ ಭಯಗಳೆಲ್ಲ ನನಗೆ ಬಾಯಿಪಾಠ. ಐವತ್ತು ದಾಟಿದ ನನಗೆ ಬೇರೆ ಹವ್ಯಾಸವೂ ಇಲ್ಲ. ಬೆಳಿಗ್ಗೆ ಚಹಾ ಕುದಿಯುವ ಹೊತ್ತಿಗೆ ನಾನು ಆ ದಿನದ ಚಿಂತೆಯನ್ನು ಆರಿಸಿಕೊಂಡಿರುತ್ತೇನೆ.

ಈ ಸಲ ನಾನು ಆರಿಸಿಕೊಂಡದ್ದು ಕುಲಗೋಡದ ಪಾಯಪ್ಪ ಕಾಕಾರನ್ನು. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡು ಬಂದ ಅವರು ಗೋಕಾಕದ ನಮ್ಮ ದವಾಖಾನೆಗೆ ತೋರಿಸಿಕೊಳ್ಳಲು ಬರುತ್ತಿದ್ದರು. ಮೊದಲ ದಿನವೇ ಕೂರಿಸಿಕೊಂಡು ಅರ್ಧ ಗಂಟೆ ತಿಳಿಸಿ ಹೇಳಿದ್ದೆ. ಪ್ರತಿ ಮಾತಿಗೂ "ಹೌದ್ರಿ ಸಿಸ್ಟರ್" ಎಂದು ಗೋಣು ಹಾಕಿದ್ದರು. ಮೂರು ತಿಂಗಳಾದ ಮೇಲೆ ರಕ್ತ ಪರೀಕ್ಷೆ ಮಾಡಿದರೆ ಕೊಲೆಸ್ಟ್ರಾಲ್ ಇದ್ದಲ್ಲೇ ಇತ್ತು, ಕೂದಲೆಳೆಯಷ್ಟೂ ಇಳಿದಿರಲಿಲ್ಲ. "ಗುಳಿಗಿ ನಡದಾವಲ್ರಿ ಕಾಕಾ?" ಎಂದು ಕೇಳಿದೆ. "ನಡದಾವ್ರಿ" ಎಂದರು. ಡಾಕ್ಟರು ಡೋಸ್ ಇಮ್ಮಡಿ ಮಾಡುತ್ತೇನೆಂದು ಪೆನ್ನು ತೆಗೆದರು. ತಪ್ಪು ಗುಳಿಗೆಯದಲ್ಲ, ಎಲ್ಲೋ ನನ್ನದೇ ಇದೆ ಎಂದು ನನ್ನ ಅನುಭವ ಹೇಳುತ್ತಿತ್ತು. "ಸರ್, ಒಂದು ವಾರ ತಡೀರಿ, ನಾ ಅವರ ಮನಿಗೇ ಹೋಗಿ ಕೇಳಿಕೊಂಡು ಬರ್ತೀನಿ" ಎಂದೆ. ಡಾಕ್ಟರು ಪೆನ್ನು ಮುಚ್ಚಿದರು. ನಾನು ಹಟಕ್ಕೆ ಬಿದ್ದಾಗ ಪೆನ್ನು ಮುಚ್ಚುವುದು ಲೇಸೆಂದು ಅವರಿಗೂ ಅನುಭವವಿದೆ.

ರವಿವಾರ ಮಧ್ಯಾಹ್ನದ ಬಸ್ಸು ಹತ್ತಿದೆ. ಉತ್ತರ ಸಿಗದೆ ಮರಳುವುದಿಲ್ಲವೆಂದು ದಾರಿಯುದ್ದಕ್ಕೂ ಪ್ರಶ್ನೆಗಳನ್ನು ಹೊಂದಿಸಿಕೊಂಡೆ. ಅವುಗಳ ಅಗತ್ಯವೇ ಬೀಳಲಿಲ್ಲ. "ಕಾಕಿ, ಗುಳಿಗಿ ಎಲ್ಲಾ ತರ್ರಿ ನೋಡೂನು" ಎಂದ ಕೂಡಲೇ ಕಾಕಿ ಒಂದು ಸ್ಟೀಲ್ ಡಬ್ಬಿ ತಂದು ಮುಂದಿಟ್ಟರು. ಹಗಲಿನ ಗುಳಿಗೆಗಳ ಹಾಳೆಗಳು ಖಾಲಿಯಾಗಿದ್ದವು. ಕೊಲೆಸ್ಟ್ರಾಲಿನವು ಮಾತ್ರ ಒಂದೂ ಒಡೆಯದೆ, ಮಡಿ ಬಟ್ಟೆಯ ಹಾಗೆ ಸಾಲಾಗಿ ಕೂತಿದ್ದವು.

"ಇವು ಯಾಕ್ರಿ ಹಂಗೇ ಅದಾವು?"

"ರಾತ್ರಿ ಮಲಗೂ ಮುಂದ ಅಂದ್ರಲ್ರಿ ನೀವು," ಎಂದರು ಕಾಕಾ. "ನಮ್ಮದು ಜೈನರದು ಗೊತ್ತೈತಲ್ಲ. ಹೊತ್ತು ಮುಳುಗಿದ ಮ್ಯಾಲೆ ಅನ್ನ ಇಲ್ಲ, ನೀರೂ ಇಲ್ಲ. ನೀರಿಲ್ದ ಗುಳಿಗಿ ಹೆಂಗ್ ಇಳೀಬೇಕ್ರಿ?"

"ಮತ್ತ ಅವತ್ತೇ ಹೇಳಬಾರದೇನ್ರಿ?"

"ಹೇಳಾಕ ನೀವು ಜಾಗಾ ಎಲ್ಲಿ ಬಿಟ್ರಿ?" ಎಂದು ಕಾಕಿ ಬಾಗಿಲಿನಿಂದಲೇ ನಕ್ಕರು.

ನಮ್ಮ ಮನೆಯಲ್ಲಿ ರಮಜಾನಿನ ರೋಜಾ ಬಂತೆಂದರೆ ಅಮ್ಮಿಯ ಗುಳಿಗೆಗಳನ್ನು ನಸುಕಿನ ಸಹರಿಗೆಷ್ಟು, ಸಂಜೆಯ ಇಫ್ತಾರಿಗೆಷ್ಟು ಎಂದು ಡಾಕ್ಟರನ್ನು ಕೇಳಿ ಹಂಚಿ ಕೊಡುವವಳು ನಾನೇ. ನಮ್ಮವರ ಉಪವಾಸ ನನಗೆ ಗೊತ್ತು. ಪಕ್ಕದವರ ಉಪವಾಸವನ್ನು ಕೇಳಿ ತಿಳಿಯಬೇಕೆಂದು ಮಾತ್ರ ಇಷ್ಟು ವರ್ಷ ಹೊಳೆದಿರಲಿಲ್ಲ. ಅಲ್ಲಿಂದಲೇ ಡಾಕ್ಟರಿಗೆ ಫೋನು ಮಾಡಿದೆ. ರಾತ್ರಿಯೇ ನುಂಗಬೇಕಾದ ಗುಳಿಗೆಗಳು ಕೆಲವಿವೆ, ಆದರೆ ಇದು ಅಂಥದ್ದಲ್ಲ, ನಾಳೆಯಿಂದ ಮುಂಜಾನೆ ನುಂಗಲಿ, ಡೋಸ್ ಅಷ್ಟೇ ಇರಲಿ ಎಂದರು. ಕಾಕಾ ಕೈ ಮುಗಿದರು. ಕಾಕಿ ಒಲೆಯ ಕಡೆ ಹೋದರು.

ಅಲ್ಲಿಗೆ ಎದ್ದಿದ್ದರೆ ನಾನು ನಾನಾಗಿರುತ್ತಿರಲಿಲ್ಲ. ಮೂರು ತಿಂಗಳ ನಷ್ಟವನ್ನು ಒಂದೇ ಸಂಜೆಯಲ್ಲಿ ತುಂಬಿಕೊಡುವ ಹುರುಪು ಬಂತು. ಮೈ ಕೈ ನೋವು ಬಂದರೆ ಮುಚ್ಚಿಡಬೇಡಿ ಎಂದೆ. ಕೊಲೆಸ್ಟ್ರಾಲ್ ಇಳಿಯಿತೆಂದು ನೀವಾಗಿ ನಿಲ್ಲಿಸಬೇಡಿ, ಗುಳಿಗೆ ತಿನ್ನುತ್ತೇನಲ್ಲ ಎಂದು ಬಜಿ ತಿನ್ನಬೇಡಿ ಎಂದೆ. ನಡುವೆ ಕಾಕಿ ಬಂದು "ಸಿಸ್ಟರ್, ರೊಟ್ಟಿ ಆಗ್ಯಾವ, ಕೈ ತೊಳೀರಿ" ಎಂದರು. "ಇದೊಂದು ಹೇಳಿ ಎದ್ದೆ ಕಾಕಿ" ಎಂದೆ. ಯಕೃತ್ತಿನ ಬಳಿಗೆ ಬಂದಾಗ ಅವರು ಮತ್ತೊಮ್ಮೆ ಕರೆದರು. ಕಾಕಾ ನನ್ನ ಮುಖವನ್ನೊಮ್ಮೆ, ಅಂಗಳದ ಗೋಡೆಯನ್ನೊಮ್ಮೆ ನೋಡುತ್ತಿದ್ದರು. ಎಷ್ಟು ಮನಸ್ಸಿಟ್ಟು ಕೇಳುತ್ತಿದ್ದಾರೆ ಎಂದುಕೊಂಡು ಚಕ್ಕೋತವನ್ನೂ ಬಿಡಿಸಿ ಹೇಳಿದೆ.

ಕೊನೆಗೆ ಎದ್ದು ಕೈ ತೊಳೆದು ಕೂತಾಗ ಕಾಕಿ ಒಂದೇ ತಾಟು ತಂದಿಟ್ಟರು. ರೊಟ್ಟಿ, ಹೆಸರುಕಾಳಿನ ಪಲ್ಯ, ಮೊಸರು ಎಲ್ಲ ಬಡಿಸಿ ತಾವಿಬ್ಬರೂ ಗೋಡೆಗೆ ಒರಗಿ ಕೂತರು.

"ನಿಮ್ಮದು?" ಎಂದೆ.

"ಮನಿಗೆ ಬಂದವರನ್ನ ಬಿಟ್ಟು ಹೆಂಗ್ ಉಣ್ಣೂದ್ರಿ?" ಎಂದರು ಕಾಕಿ. ಆಗ ತಿರುಗಿ ಅಂಗಳ ನೋಡಿದೆ. ಗೋಡೆಯ ಮೇಲೆ ಬಿಸಿಲು ಇರಲಿಲ್ಲ, ಹೊತ್ತು ಮುಳುಗಿಹೋಗಿತ್ತು.

ಮುರಿದ ರೊಟ್ಟಿಯನ್ನು ತಾಟಿಗೇ ಇಳಿಸಿದೆ. ಕಾಕಾ ನೀರಿನ ತಂಬಿಗೆಯನ್ನು ನನ್ನ ಕಡೆ ಸರಿಸಿದರು. "ನೀವು ಉಣ್ರಿ ಸಿಸ್ಟರ್. ಗುಳಿಗೀನೂ ಮುಂಜಾನೆ, ನಮ್ಮ ಊಟಾನೂ ಮುಂಜಾನೆ. ನೆನಪ ಇಡಾಕ ಚಲೋ ಆತು."