ಬೆವರಿನ ಬೀಗತನ

ಕೊಬ್ಬರಿ ವ್ಯಾಪಾರಿ ಕರಿಬಸವಯ್ಯನವರಿಗೆ ಅವರ ಚರ್ಮವೊಂದನ್ನು ಬಿಟ್ಟರೆ ಬೇರೆ ಶತ್ರುಗಳಿರಲಿಲ್ಲ. ಇಡೀ ಅರಸೀಕೆರೆ ಕಂಬಳಿ ಹೊದ್ದು ನಡುಗುವ ಮಾಗಿಯಲ್ಲೂ ಅವರ ಅಂಗೈಯಿಂದ ಬೆವರು ತೊಟ್ಟಿಕ್ಕುತ್ತಿತ್ತು. ಹಣೆಗೆ ಹಚ್ಚಿದ ವಿಭೂತಿ ಅಂಗಡಿ ಬಾಗಿಲು ತೆರೆಯುವಷ್ಟರಲ್ಲಿ ಮೀಸೆಗೆ ಇಳಿದಿರುತ್ತಿತ್ತು. "ಕೆಲವರ ನರಗಳೇ ಹಾಗೆ, ಗಾಬರಿ ಆದಷ್ಟೂ ಜಾಸ್ತಿ. ಮಲಗೋ ಮುಂಚೆ ಒಣ ಮೈಗೆ ಈ ಔಷಧಿ ಹಚ್ಚಿ, ಕಾಫಿ ಕಮ್ಮಿ ಮಾಡಿ" ಎಂದಿದ್ದರು ಡಾಕ್ಟರು. (ಒಣ ಮೈ ಎಲ್ಲಿಂದ ತರುವುದೆಂದು ಹೇಳಲಿಲ್ಲ.)

ಈ ಬೆವರಿನಿಂದ ಮಗಳು ಅರುಣಾಳ ಒಂದು ಸಂಬಂಧವೇ ತಪ್ಪಿಹೋಗಿತ್ತು. ಹಾರನಹಳ್ಳಿಯವರು "ಹುಡುಗಿ ಎಷ್ಟು ಓದಿದಾಳೆ?" ಎಂದು ಕೇಳಿದ್ದೇ ತಡ, ಅಪ್ಪನ ಮುಖದಿಂದ ಧಾರಾಕಾರ. ಏನೋ ಮುಚ್ಚಿಡುತ್ತಿದ್ದಾರೆ ಎಂದುಕೊಂಡು ಅವರು ಎದ್ದು ಹೋದರು. ಈಗ ಬಾಣಾವರದ ದೇವೀರಪ್ಪ ತಮ್ಮ ಮಗ ಚನ್ನೇಶನೊಂದಿಗೆ ಬರುವವರಿದ್ದರು. ಇದೂ ತಪ್ಪಿದರೆ ಮಗಳಿಗೆ ಹೇಗೆ ಮುಖ ತೋರಿಸಲಿ ಎಂದು ಕರಿಬಸವಯ್ಯನವರ ಎದೆ ಕುಸಿದಿತ್ತು.

ಅಂದು ಬೆಳಗ್ಗೆ ಅವರಿಗೆ ದಿವ್ಯಜ್ಞಾನವಾಯಿತು. ವಿಭೂತಿ ಗಟ್ಟಿ ಪುಡಿಮಾಡಿ ಕತ್ತು, ಕಂಕುಳು, ಅಂಗೈಗೆಲ್ಲ ಮೆತ್ತಿಕೊಂಡರು.

"ಇದೇನ್ರೀ ಅವತಾರ! ಮಠದಿಂದ ತಂದ ವಿಭೂತೀನ ಕಂಕುಳಿಗೆ ಬಳ್ಕೊಂಡಿದ್ದೀರಲ್ಲ!" ಎಂದು ಹೆಂಡತಿ ಕಮಲಾಕ್ಷಮ್ಮ ಚೀರಿದರು.

"ಸರ್ವಾಂಗಕ್ಕೂ ಧರಿಸ್ಬೇಕು ಅಂತ ನಿಮ್ಮಪ್ಪನೇ ಹೇಳ್ತಿರ್ಲಿಲ್ವೇನೇ? ಕಂಕುಳೇನು ಪಕ್ಕದ ಮನೆಯೋರ್ದಾ?"

"ನಮ್ಮಪ್ಪ ಭಕ್ತಿಗೆ ಹೇಳ್ತಿದ್ರು, ನಿಮ್ಮ ಬನೀನಿಗಲ್ಲ!"

ನೆಂಟರು ಬಂದು ಕೂತರು. ಕೇಸರಿಬಾತೂ ಬಂತು. ದೇವೀರಪ್ಪ ಗಂಟಲು ಸರಿಮಾಡಿಕೊಂಡು, "ನಿಮ್ಮ ವಂಶದಾಗೆ ಏನಾದ್ರೂ ಕಾಯಿಲೆ ಐತಾ, ಬಸವಯ್ನೋರೇ?" ಎಂದರು. ಮುಗಿಯಿತು ಕಥೆ. ಅಂಗಿ ತೋಳಿನಿಂದ ಬಿಳಿ ನೀರು ತೊಟತೊಟನೆ ಕೇಸರಿಬಾತಿನ ಮೇಲೆ ಬಿತ್ತು. ಭೂಮಿ ಬಾಯಿ ಬಿಡಬಾರದೇ ಎಂದು ಕರಿಬಸವಯ್ಯ ಕಣ್ಣು ಮುಚ್ಚಿಕೊಂಡರು.

ಆಗ ಹುಡುಗ ಮೆಲ್ಲಗೆ ತನ್ನ ಕರ್ಚೀಫು ಚಾಚಿದ. ಅದು ಆಗಲೇ ಹಿಂಡುವಷ್ಟು ನೆನೆದಿತ್ತು.

"ನಮ್ಮುಡುಗನ್ದೂ ಇದೇ ಗೋಳು ಕಣ್ರೀ," ದೇವೀರಪ್ಪ ನಿಟ್ಟುಸಿರಿಟ್ಟರು. "ನೀವೆಲ್ಲಿ ಬ್ಯಾಡ ಅಂತೀರೋ ಅಂತ ದಾರೀಲೇ ಅಂಗಿ ಬದಲಾಯಿಸ್ಕೊಂಡು ಬಂದವ್ನೆ."

ಕರಿಬಸವಯ್ಯನವರಿಗೆ ಜನ್ಮದಲ್ಲಿ ಕಾಣದ ಸಂತೋಷ. ಹುಡುಗನ ಕೈ ಹಿಡಿದುಕೊಂಡರು, ಜಾರಿತು, ಮತ್ತೆ ಹಿಡಿದುಕೊಂಡರು. ದೇವೀರಪ್ಪ ತಮ್ಮ ಕಡೆಯಿಂದ ಒಪ್ಪಿಗೆ ಎಂದರು. ಹುಡುಗಿಯ ಮಾತೊಂದೇ ಬಾಕಿ. ಕರಿಬಸವಯ್ಯ ಅಡುಗೆಮನೆಗೆ ಓಡಿದರು.

"ಒಪ್ಪಿಗೆ ತಾನೇ ಮಗಾ? ಹುಡುಗ ಥೇಟ್ ನನ್ನಂಗೇ ಅವ್ನೆ!"

"ಅದಕ್ಕೇ ಬೇಡ ಅಪ್ಪಾಜಿ," ಎಂದಳು ಅರುಣಾ. "ಬನೀನು ಒಗೆದೂ ಒಗೆದೂ ಅಮ್ಮನ ಕೈ ಏನಾಗಿದೆ ನೋಡಿದೀರಾ?"

ಕರಿಬಸವಯ್ಯ ಹೆಂಡತಿಯ ಕಡೆ ತಿರುಗಿದರು. ಕಮಲಾಕ್ಷಮ್ಮ ಮಗಳ ತಲೆ ಸವರುತ್ತಿದ್ದರು.

"ಪುಣ್ಯವಂತೆ ಕಣೇ ನೀನು. ಇವರು ನನ್ನ ನೋಡೋಕೆ ಬಂದಾಗ ಈ ಮಾತು ನಂಗೆ ಬಾಯಿಗೇ ಬರ್ಲಿಲ್ಲ."