ಹುಲೆಪ್ಪನ ಜರ್ಮನ್ ದೋಣಿ

"ಇನ್ನ ಮ್ಯಾಲ ಹರಗೋಲದಾಗ ಕಾಲಿಟ್ರ ನನ್ನ ಹೆಸರು ಹುಲೆಪ್ಪ ಅಲ್ಲ!"

ಬೀಳಗಿಯ ಸರ್ಕಾರಿ ಗುಮಾಸ್ತ ಹುಲೆಪ್ಪ ಮನೆಯ ಹೊಸ್ತಿಲಲ್ಲಿ ನಿಂತು ಹೀಗೆ ಘೋಷಿಸಿದಾಗ ಅವನ ಪ್ಯಾಂಟಿನಿಂದ ಅರ್ಧ ಹೊಳೆ ಇನ್ನೂ ಸೋರುತ್ತಿತ್ತು. ರಜೆಯೆಂದು ಅನಗವಾಡಿಯ ಹೊಳೆಗೆ ಗಾಳ ಹಾಕಲು ಹೋಗಿದ್ದ. ಭಾರೀ ಬಾಳೆಮೀನೊಂದು ಕಚ್ಚಿತು, ಇವನು ಜಗ್ಗಿದ, ಹರಗೋಲು ಬುಟ್ಟಿಯಂತೆ ಮಗುಚಿತು. ದಂಡೆಯಲ್ಲಿ ಬಟ್ಟೆ ಒಗೆಯುತ್ತಿದ್ದವರು ಎಳೆದು ಹಾಕಿದರು.

"ತಪ್ಪು ನಂದಲ್ಲ, ಹರಗೋಲದ್ದು! ದೊಡ್ಡ ಮೀನಿಗೆ ಅಲ್ಯೂಮಿನಿಯಂ ದೋಣಿನ ಬೇಕು."

"ಅಲ್ಯೂಮಿನಿಯಂ ಅಂದ್ರ ನಮ್ಮ ಜರ್ಮನ್ ಬೋಗಾಣಿ ಐತಲ್ರಿ, ಅದನ?" ಎಂದಳು ಹೆಂಡತಿ ಕರೆವ್ವ.

"ಹ್ಞೂ, ಅದನ."

"ಹಂಗಾದ್ರ ದೋಣಿ ಯಾಕ್ರೀ? ಬೋಗಾಣಿ ಒಲಿ ಮ್ಯಾಲ ಐತಿ, ಮೀನ ಸಂತ್ಯಾಗ ಐತಿ!"

ಮರುದಿನ ಕಚೇರಿಯಲ್ಲಿ "ಜರ್ಮನ್ ದೋಣಿ ತಗೋತೇನಿ" ಎಂದ. ಅಷ್ಟೇ ಸಾಕಾಯಿತು. ಸುದ್ದಿ ರಬಕವಿ ಮುಟ್ಟುವಷ್ಟರಲ್ಲಿ ದೋಣಿ ಜರ್ಮನಿ ದೇಶದಿಂದ ಹೊರಟೇ ಬಿಟ್ಟಿತ್ತು! ಸಾಹೇಬರು ಕರೆದು, "ಏನ್ರಿ ಹುಲೆಪ್ಪ, ಐತವಾರ ನಿಮ್ಮಲ್ಲಿ ಮೀನಿನ ಊಟ ಅಂತಲ್ಲ?" ಎಂದರು. ಹುಲೆಪ್ಪನ ಬಡ್ತಿ ಅವರ ಕೈಯಲ್ಲಿತ್ತು. "ಹೌದ್ರೀ ಸಾಹೇಬ್ರ! ಹೊಳಿಗೇ ಬರ್ರಿ, ಹಿಡಿಯೂದೂ ನೋಡೀರಂತ!" ಎಂದುಬಿಟ್ಟ.

ಲೋಕಾಪುರದ ಗುಜರಿ ಅಂಗಡಿಯಲ್ಲಿ ಎರಡು ಹಳೇ ದೋಣಿಗಳಿದ್ದವು. ಒಂದು ಉದ್ದ, ಸಪೂರ, ನೋಡಲು ಚೆಂದ. ಇನ್ನೊಂದು ಅಗಲ, ಚಪ್ಪಟೆ, ಥೇಟ್ ದನದ ಗೋದಲಿ. ಯಾವುದನ್ನು ಆರಿಸುವುದು? ಜೊತೆಗೆ ಬಂದಿದ್ದ ಕರೆವ್ವನ ತಮ್ಮ, ಗರಡಿ ಮೈಯ ತುಕಾರಾಮನ ಮೇಲೆ ಹುಲೆಪ್ಪನ ಕಣ್ಣು ಬಿತ್ತು.

"ತುಕಾರಾಮಾ, ನೀ ಮೀನ ಆಗು."

"ಮಾಮಾ, ಮಂದಿ ನೋಡಾಕತ್ತಾರ!"

"ಮೀನ ಮಾತಾಡೂದಿಲ್ಲಲೇ!"

ಅವನ ನಡುವಿಗೆ ಹಗ್ಗ ಬಿಗಿದು ದೋಣಿಯೊಳಗಿಂದ ಜಗ್ಗಿದ. ಸಪೂರ ದೋಣಿ ಪಲ್ಟಿ ಹೊಡೆದು ಮೀನಿನ ಮೇಲೇ ಕೂತಿತು! ಅಗಲದ್ದು ಜಪ್ಪಯ್ಯ ಎನ್ನಲಿಲ್ಲ. ಮೀನು ಮಾತ್ರ ಹೊಟ್ಟೆ ತರಚಿಕೊಂಡು ಒಳಗೆ ಬಿತ್ತು. ಅಗಲದ್ದೇ ಖಾಯಂ. ತುಕಾರಾಮ ಅಲ್ಲಿಂದಲೇ ಬಸ್ಸು ಹತ್ತಿ, ಮಾತಾಡದೆ, ತನ್ನೂರಿಗೆ ಹೋದ.

ಹೀಗಾಗಿ ಐತವಾರ ಹುಟ್ಟು ಹಾಕುವ ಕೆಲಸ ಕರೆವ್ವನ ಪಾಲಿಗೆ ಬಂತು. ಗಾಳ ಹಿಡಿದ ಶೂರ ಹುಟ್ಟು ಮುಟ್ಟಬಾರದಂತೆ! ದಂಡೆಯಲ್ಲಿ ಸಾಹೇಬರು ಸಂಸಾರ ಸಮೇತ ಛತ್ರಿ ಹಿಡಿದು ನಿಂತಿದ್ದರು.

ಬಹಳ ಹೊತ್ತಿನ ಮೇಲೆ ಬಾಳೆಮೀನು ಕಚ್ಚಿತು. ಹುಲೆಪ್ಪ ಜಗ್ಗಿದ. ದೋಣಿ ಅಲುಗಲಿಲ್ಲ!

"ನೋಡಿದ್ಯಾ? ಜರ್ಮನ್!" ಎನ್ನುತ್ತಲೇ ಮೀನನ್ನು ಒಳಗೆ ಕೆಡವಿದ.

ಬಿದ್ದದ್ದೇ ತಡ, ಮೀನು ಬಾಲ ಬಡಿಯಿತು. ತಗಡಿನ ಮೇಲೆ ಆ ಬಾಲ! ಊರಿನ ಹಲಗೆಯೆಲ್ಲ ಒಮ್ಮೆಲೇ ಬಾರಿಸಿದಂತಾಯಿತು. ಬಾಯಿ ತೆರೆದುಕೊಂಡು ಅದು ಹುಲೆಪ್ಪನ ಕಾಲಿನತ್ತ ಜಾರಿತು. ಕಚೇರಿಯಲ್ಲಿ ಎಂದೂ ತೋರದ ಚುರುಕಿನಿಂದ ಹುಲೆಪ್ಪ ಹೊಳೆಗೆ ಹಾರಿದ!

ಕರೆವ್ವ ಹುಟ್ಟು ಎತ್ತಿ ಮೀನಿನ ತಲೆಗೆ ಒಂದು ಬಿಟ್ಟಳು. ಗದ್ದಲ ನಿಂತಿತು. ಆಮೇಲೆ ಬಗ್ಗಿ ಗಂಡನ ಕಾಲರು ಹಿಡಿದಳು.

"ಕೈ ಬಿಡಬ್ಯಾಡ! ಮುಳಗತೇನಿ! ಸತ್ತೆ!" ಹುಲೆಪ್ಪ ಕೈಕಾಲು ಬಡಿಯತೊಡಗಿದ.

"ಒದ್ದಾಡಬ್ಯಾಡ್ರಿ," ಎಂದಳು ಕರೆವ್ವ, ಇನ್ನೊಂದು ಕೈಯಲ್ಲಿ ಹುಟ್ಟು ಹಿಡಿದೇ. "ಮೊದಲನೇದೂ ಹಿಂಗ ಮಾಡಾಕತ್ತಿತ್ತು. ತಲಿಗೆ ಒಂದ ಕೊಟ್ಟ ಮ್ಯಾಲ ಸುಮ್ಮನಾತು."

ಹುಲೆಪ್ಪ ತಲೆಗೊಂದು ಬೀಳುವ ಮೊದಲೇ ಸುಮ್ಮನಾದ.