ಹೊಸ ಗಾಡಿ, ಸಡಿಲ ಸೀಟು ಮತ್ತು ನಾನು ಬರೆದ ದೂರು

ಯಂತ್ರಗಳ ವಿಷಯದಲ್ಲಿ ನನಗೆ ಉಳಿದವರಿಗಿಂತ ಒಂದು ಕೈ ಹೆಚ್ಚೇ ಗೊತ್ತು ಎಂಬ ನಂಬಿಕೆ ಮೊನ್ನೆ ಮೊನ್ನೆಯವರೆಗೂ ಇತ್ತು. ಕುಲಗೋಡದಲ್ಲಿ ನನ್ನದೊಂದು ದನದ ಹಿಂಡಿ ಅಂಗಡಿ. ಅದರ ಕಟ್ಟೆಯ ಮೇಲೆ ಕೂತು, ದಾರಿಯಲ್ಲಿ ಹೋಗುವ ಟ್ರ್ಯಾಕ್ಟರಿನ ಸದ್ದು ಕೇಳಿಯೇ ಅದರ ರೋಗ ಹೇಳುತ್ತಿದ್ದೆ. ಯಾರೂ ಕೇಳುತ್ತಿರಲಿಲ್ಲ. ಆದರೂ ಹೇಳುತ್ತಿದ್ದೆ! ಇಂಥ ಪಂಡಿತ ಐವತ್ತೆರಡನೆಯ ವಯಸ್ಸಿನಲ್ಲಿ ಹಿಂಡಿ ಚೀಲ ಸಾಗಿಸಲೆಂದು ಒಂದು ಹೊಸ ಪಿಕಪ್ ಗಾಡಿ ಕೊಂಡ.

ಗಾಡಿ ಮನೆಗೆ ಬಂದ ಸಂಜೆ ಪೂಜೆಯಾಯಿತು. ಚಕ್ರದ ಕೆಳಗೆ ನಿಂಬೆಹಣ್ಣು, ಬಾನೆಟ್ಟಿನ ಮೇಲೆ ವಿಭೂತಿ. ಅಷ್ಟಕ್ಕೇ ಮುಗಿದಿದ್ದರೆ ನಾನು ಇವತ್ತು ತಲೆ ಎತ್ತಿ ತಿರುಗುತ್ತಿದ್ದೆ. ಆದರೆ ನಮ್ಮವ್ವ ಒಳಗಿನಿಂದ ರವಿಕೆಯದೊಂದು ಹಸಿರು ಖಣ ತಂದಳು. ಅದರಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಐದು ಉತ್ತತ್ತಿ, ಐದು ಅಡಿಕೆ, ಐದು ಅರಿಶಿನದ ಕೊಂಬು.

"ಏನವ್ವಾ ಇದು?"

"ಉಡಿ ತುಂಬತೇನೋ. ಹೊಸದಾಗಿ ಮನಿಗೆ ಬಂದಾಳ. ಬರೇ ಉಡೀಲೆ ದಾರಿಗೆ ಹಚ್ಚತಾರೇನು?"

"ಅವ್ವಾ, ಇದು ಗಾಡಿ. ಸೊಸಿ ಅಲ್ಲ."

"ಸೊಸೀಗಿಂತ ಹೆಚ್ಚ ದುಡೀತಾಳ, ನೋಡ್ತಿರು."

ಸೊಸೆ, ಅಂದರೆ ನನ್ನ ಹೆಂಡತಿ ಶಾಂತಾ, ಪಕ್ಕದಲ್ಲೇ ಆರತಿ ತಟ್ಟೆ ಹಿಡಿದು ನಿಂತಿದ್ದಳು. ನಾನು ಬಾಯಿ ಮುಚ್ಚಿಕೊಂಡೆ. ಗಾಡಿಗೆ ಮಡಿಲಿಲ್ಲವಾದ್ದರಿಂದ ಅವ್ವ ಖಣವನ್ನು ಗಂಟು ಕಟ್ಟಿ ಸ್ಟೇರಿಂಗಿನ ಮುಂದೆ, ಗಾಜಿಗೆ ಒರಗಿಸಿ ಇಟ್ಟಳು. "ಇಲ್ಲಿಂದ ಸರಿಸಬ್ಯಾಡ ಮತ್ತ" ಎಂದು ಎಚ್ಚರಿಸಿಯೇ ಒಳಗೆ ಹೋದಳು.

ನನಗೋ ನಾಚಿಕೆ. ನಾಳೆ ಮೂಡಲಗಿಯ ವ್ಯಾಪಾರಸ್ಥರು ನೋಡಿದರೆ ಏನೆಂದಾರು? ಎಲ್ಲರೂ ಒಳಗೆ ಹೋದ ಮೇಲೆ ಆ ಗಂಟನ್ನು ಯಾರ ಕಣ್ಣಿಗೂ ಬೀಳದ ಜಾಗಕ್ಕೆ ತಳ್ಳಿದೆ. ಅದು ಸಲೀಸಾಗಿ ಹೋಗಲಿಲ್ಲ. ಕಾಲಿನಿಂದ ಎರಡು ಸಲ ಒದ್ದೆ. ಹೋಯಿತು. ರಾತ್ರಿ ಊಟ ಮಾಡಿ ಮಲಗುವಷ್ಟರಲ್ಲಿ ಅದನ್ನು ಮರೆತೂಬಿಟ್ಟೆ.

ಮರುದಿನ ಮುಂಜಾನೆ ಮೂಡಲಗಿಗೆ ಹೊರಟೆ. ಹೊಟ್ಟೆಗೆ ಜಾಗ ಸಾಲದೆಂದು ಸೀಟಿನ ಹಿಡಿಕೆ ಜಗ್ಗಿ ಹಿಂದಕ್ಕೆ ಸರಿಸಿದೆ. ಸರಿಯಿತು. ಸರಿದದ್ದು ನಿಲ್ಲಲೇ ಇಲ್ಲ! ಬ್ರೇಕ್ ಹಾಕಿದರೆ ಸೀಟು ನನ್ನನ್ನು ಕರೆದುಕೊಂಡು ಮುಂದಕ್ಕೆ ಬರುತ್ತಿತ್ತು. ಏರು ಹತ್ತಿದರೆ ಹಿಂದಕ್ಕೆ ಹೋಗಿ, ನನ್ನ ಕಾಲು ಪೆಡಲಿಗೆ ಎಟುಕದೆ ಗಾಳಿಯಲ್ಲಿ ಈಜುತ್ತಿತ್ತು. ಮೂಡಲಗಿ ಬಸ್ ನಿಲ್ದಾಣದ ಮುಂದೆ ಒಂದು ಎಮ್ಮೆ ಅಡ್ಡ ಬಂದಾಗ ಬ್ರೇಕ್ ಒತ್ತಿದೆ. ಸೀಟು ಮುಂದಕ್ಕೆ ಬಂತು, ಹೊಟ್ಟೆ ಹೋಗಿ ಹಾರ್ನಿನ ಮೇಲೆ ಕೂತಿತು. ಎಮ್ಮೆ ದಾಟಿ, ಅದರ ಕರು ದಾಟಿ, ಅದರ ಮಾಲಕ ದಾಟುವವರೆಗೂ ಹಾರ್ನ್ ಹೊಡೆದುಕೊಳ್ಳುತ್ತಲೇ ಇತ್ತು.

"ಕಾಕಾ, ಕೈ ಇದ್ದೂ ಹೊಟ್ಟೀಲೆ ಯಾಕ ಹಾರ್ನ್ ಹೊಡಿಯಾಕತ್ತೀರಿ?" ಎಂದು ಎಮ್ಮೆಯ ಮಾಲಕ ಕೇಳಿದ. ನಿಲ್ದಾಣವೆಲ್ಲ ನಕ್ಕಿತು.

ಮನೆಗೆ ಬಂದು ಸ್ವಂತ ಚಿಕಿತ್ಸೆ ಆರಂಭಿಸಿದೆ. ಸೀಟಿನ ಹಿಂದೆ ಹಿಂಡಿಯ ಖಾಲಿ ಚೀಲಗಳನ್ನು ತುರುಕಿದೆ. ಸೀಟು ಮುಂದೆಯೇ ಉಳಿದು ನಾನು ಸ್ಟೇರಿಂಗ್ ಅಪ್ಪಿಕೊಂಡು ಕೂರಬೇಕಾಯಿತು. ಚೀಲ ತೆಗೆದು ಸೀಟನ್ನು ಹಗ್ಗದಿಂದ ಬಾಗಿಲಿಗೆ ಕಟ್ಟಿದೆ. ಈಗ ಬಾಗಿಲು ತೆರೆಯಲಿಲ್ಲ! ಶಾಂತಾ ಕುಡಗೋಲಿನಿಂದ ಹಗ್ಗ ಕೊಯ್ದು ನನ್ನನ್ನು ಹೊರತೆಗೆದಳು.

"ಒಮ್ಮೆ ಸೀಟಿನ ಕೆಳಗ ಬಗ್ಗಿ ನೋಡ್ರಿ. ಏನರ ಸಿಕ್ಕೊಂಡಿದ್ದೀತು."

"ಬಗ್ಗಿ ನೋಡೂದು ಮಿಸ್ತ್ರಿ ಕೆಲಸ. ನಾ ಮಾಲಕ ಅದೇನಿ. ಇದು ಕಂಪನಿ ದೋಷ. ಹಳೇ ಸೀಟ್ ಹಾಕಿ ಕೊಟ್ಟಾರ, ಕಳ್ಳರು!"

ಖರೆ ಹೇಳಬೇಕೆಂದರೆ, ಬಗ್ಗಲು ನನ್ನ ಹೊಟ್ಟೆ ಬಿಡುತ್ತಿರಲಿಲ್ಲ. ಆದರೆ ಹೊಟ್ಟೆಯ ಮೇಲೆ ತಪ್ಪು ಹಾಕುವುದಕ್ಕಿಂತ ಕಂಪನಿಯ ಮೇಲೆ ಹಾಕುವುದು ಸುಲಭ.

ಮರುದಿನ ಗೋಕಾಕದ ಶೋರೂಮಿಗೆ ದಂಡೆತ್ತಿ ಹೋದೆ. ಶಾಂತಾಳೂ ಬಂದಳು. ಬ್ರೇಕ್ ಹಾಕಿದಾಗೊಮ್ಮೆ ನನ್ನ ಅಂಗಿ ಹಿಡಿದು ಹಿಂದಕ್ಕೆ ಜಗ್ಗುವುದು ಅವಳ ಕೆಲಸ. ಶೋರೂಮಿನ ನಡುಮಧ್ಯೆ ನಿಂತು ನಾನು ಕೂಗಿದ ಕೂಗಿಗೆ ಮೂರು ಹೊಸ ಗಿರಾಕಿಗಳು ಎದ್ದು ನಿಂತರು. ಮ್ಯಾನೇಜರು ಓಡಿ ಬಂದರು. ನಾನು ದೂರಿನ ಪುಸ್ತಕ ಕೇಳಿ ಪಡೆದು, ಸಾಲೆಯಲ್ಲಿ ಕಲಿತ ಕನ್ನಡವನ್ನೆಲ್ಲ ಅದರಲ್ಲಿ ಸುರಿದೆ.

"ಸದರಿ ವಾಹನದ ಚಾಲಕನ ಆಸನವು ಸ್ವಸ್ಥಾನದಲ್ಲಿ ನಿಲ್ಲದೆ ಸಂಚರಿಸುತ್ತಿದ್ದು, ಚಾಲಕನ ಪ್ರಾಣಕ್ಕೂ ಘನತೆಗೂ ಏಕಕಾಲದಲ್ಲಿ ಧಕ್ಕೆಯಾಗಿರುತ್ತದೆ. ಇದಕ್ಕೆ ಹೊಣೆಗೇಡಿ ಸಿಬ್ಬಂದಿಯೇ ಕಾರಣವಾಗಿದ್ದು, ಸದರಿಯವರ ಮೇಲೆ ಕಠಿಣ ಕ್ರಮ ಜರುಗಿಸತಕ್ಕದ್ದು."

ಮ್ಯಾನೇಜರು ಓದಿದರು. "ಈ ಗಾಡಿ ತಪಾಸ ಮಾಡಿ ಕೊಟ್ಟಾವರು ಯಾರು?"

ಹಿಂದಿನಿಂದ ಒಬ್ಬರು ಕೈ ಒರೆಸಿಕೊಳ್ಳುತ್ತ ಬಂದರು. ಗುರುಸಿದ್ದಪ್ಪ ಎಂದು ಹೆಸರು, ಯಮಕನಮರಡಿಯವರು, ನನ್ನದೇ ವಯಸ್ಸು. ಹೆಗಲ ಮೇಲೆ ತೊಳೆದ ಬಿಳಿ ಟವೆಲ್ಲು.

"ನಾನ ರೀ. ಸೀಟ್ ಹಿಡಿದು ಜಗ್ಗಿ ನೋಡೀನ್ರಿ. ಗಟ್ಟಿ ಇತ್ತ್ರಿ."

"ಅಂದ್ರ ನಾ ಸುಳ್ಳ ಹೇಳಾಕತ್ತೇನೇನು?" ನಾನು ಇನ್ನಷ್ಟು ಏರಿದೆ. "ಎಲ್ಲಾರ ಮುಂದ ಕೈ ಮುಗದು ತಪ್ಪಾತು ಅನ್ರಿ ಮೊದಲ!"

ಅವರು ಒಂದು ಗಳಿಗೆ ನನ್ನ ಮುಖ ನೋಡಿದರು. ಆಮೇಲೆ ಗಿರಾಕಿಗಳ ಮುಂದೆ, ಜೊತೆಯ ಕೆಲಸಗಾರರ ಮುಂದೆ ಎರಡೂ ಕೈ ಜೋಡಿಸಿ, "ತಪ್ಪಾತ್ರಿ" ಎಂದರು. ಮ್ಯಾನೇಜರಿಗೆ ಅಷ್ಟು ಸಾಲಲಿಲ್ಲ. "ನಾಳಿಂದ ಬರಬ್ಯಾಡ್ರಿ" ಎಂದುಬಿಟ್ಟರು. ಇಪ್ಪತ್ತು ವರ್ಷದ ಕೆಲಸ ಹೀಗೆ ನಿಂತ ಕಾಲಲ್ಲಿ ಹೋಯಿತು. ನನಗೆ ಎದೆಯಲ್ಲಿ ಏನೋ ಚುಚ್ಚಿತು. ಆದರೆ ಅಷ್ಟರಲ್ಲಿ ಚಹಾ ಬಂತು. ಕುಡಿದೆ.

ಗುರುಸಿದ್ದಪ್ಪ ಹೋಗಲಿಲ್ಲ. "ಸೀಟ್ ಸರಿ ಮಾಡಿ ಹೋಗ್ತೇನ್ರಿ. ಅರ್ಧಾ ಕೆಲಸ ಬಿಟ್ಟು ಹೋದ್ರ ಮನಸ್ಸಿಗೆ ಸಮಾಧಾನ ಆಗೂದಿಲ್ಲ" ಎಂದವರೇ ಶೋರೂಮಿನ ಬಾಗಿಲಲ್ಲಿ ನಿಂತಿದ್ದ ಗಾಡಿಯ ಬೋಲ್ಟುಗಳನ್ನು ಬಿಚ್ಚಿ ಸೀಟನ್ನು ಎತ್ತಿದರು.

ಅಲ್ಲಿಂದ ಅಕ್ಕಿ ಸುರಿಯಿತು.

ಅಕ್ಕಿಯ ಹಿಂದೆ ಕೊಬ್ಬರಿ ಬಟ್ಟಲು ಉರುಳಿತು. ಉತ್ತತ್ತಿ, ಅಡಿಕೆ. ಹರಿದ ಹಸಿರು ಖಣ. ಸೀಟು ಸರಿಯುವ ಹಳಿಯಲ್ಲಿ, ಕೊಂಡಿ ಬೀಳುವ ಜಾಗದಲ್ಲೇ, ಅರಿಶಿನದ ಕೊಂಬೊಂದು ಬೆಣೆ ಬಡಿದ ಹಾಗೆ ಕೂತಿತ್ತು.

ಆಗ ನಾನು ಆಡಿದ ಮಾತನ್ನು ಬರೆಯಲು ಈಗಲೂ ಕೈ ಬರುವುದಿಲ್ಲ. "ಇದು ಹೆಣ್ಮಕ್ಕಳ ಕೆಲಸ ಇರಬೇಕ್ರಿ" ಎಂದೆ!

ಶಾಂತಾ ನನ್ನನ್ನು ನೋಡಿದಳು. "ಹೆಣ್ಮಕ್ಕಳು ಗಾಜಿನ ಮುಂದ ಇಟ್ಟಿದ್ರು. ಅತ್ತಿ ಎರಡು ದಿನದಿಂದ ಉಡಿ ಎಲ್ಲಿ ಹೋತು ಅಂತ ಹುಡಕಾಕತ್ತಾರ. ಇಲ್ಲಿಗೆ ಹೆಂಗ ಬಂತು, ಹೇಳ್ರಿ ಎಲ್ಲಾರಿಗೂ."

ಗುರುಸಿದ್ದಪ್ಪ ಮಾತ್ರ ನನ್ನ ಕಡೆ ನೋಡಲೇ ಇಲ್ಲ. ಹೆಗಲ ಮೇಲಿನ ಬಿಳಿ ಟವೆಲ್ಲನ್ನು ನೆಲಕ್ಕೆ ಹಾಸಿ, ಮೊಣಕಾಲೂರಿ, ಅಕ್ಕಿಯನ್ನು ಒಂದೊಂದೇ ಕಾಳು ಆರಿಸತೊಡಗಿದರು. "ಉಡಿ ಅಕ್ಕಿರಿ. ಮಂದಿ ಕಾಲಾಗ ಬರಬಾರದು" ಎಂದರು. ನಾನು ನನ್ನ ಬಲಗಾಲನ್ನು ಮೆಲ್ಲಗೆ ಎಡಗಾಲಿನ ಹಿಂದೆ ಮರೆಮಾಡಿದೆ.

ಮ್ಯಾನೇಜರ ಬಳಿ ಹೋಗಿ, "ಅವರನ್ನ ಬಿಡಸಬ್ಯಾಡ್ರಿ, ತಪ್ಪು ನಂದ ಐತಿ" ಎಂದು ಪಿಸುಗುಟ್ಟಿದೆ.

"ಬಾಯಿಮಾತು ನಡಿಯೂದಿಲ್ರಿ. ಬರದದ್ದಕ್ಕ ಬರದು ಕೊಡ್ರಿ" ಎಂದು ಅದೇ ಪುಸ್ತಕ ಮುಂದೆ ಚಾಚಿದರು.

ನನ್ನ ಘನವಾದ ದೂರಿನ ಕೆಳಗೆ, ಸಣ್ಣ ಅಕ್ಷರದಲ್ಲಿ ಬರೆದೆ: "ಸದರಿ ಆಸನದ ಸಡಿಲಿಕೆಗೆ ಕಾರಣ, ಅರಿಶಿನದ ಕೊಂಬು ಒಂದು. ಅದನ್ನು ಅಲ್ಲಿಗೆ ಒದ್ದವರು, ದೂರುದಾರರೇ. ಸಿಬ್ಬಂದಿಯವರದು ಯಾವ ತಪ್ಪೂ ಇರುವುದಿಲ್ಲ." ಮ್ಯಾನೇಜರು ಅದನ್ನು ಎಲ್ಲರಿಗೂ ಕೇಳುವಂತೆ ಓದಿ, ಗುರುಸಿದ್ದಪ್ಪನವರನ್ನು ಕೆಲಸಕ್ಕೆ ಉಳಿಸಿಕೊಂಡರು. ನನ್ನ ಕಡೆಯಿಂದ ಒಂದು ಕೆಲಸ ಬಾಕಿ ಇತ್ತು. ಅವರ ಮುಂದೆ ನಿಂತು ಕೈ ಮುಗಿದು ಆ ಒಂದು ಮಾತು ಹೇಳುವುದು. ಅವರಿಂದ ಅಷ್ಟು ಸುಲಭವಾಗಿ ಹೇಳಿಸಿದ್ದ ಮಾತು ನನ್ನ ಬಾಯಿಂದ ಹೊರಡಲಿಲ್ಲ. ಅವರು ಟವೆಲ್ಲಿನ ಗಂಟನ್ನು ಶಾಂತಾಳ ಕೈಗೆ ಕೊಟ್ಟರು. ನಾವು ಹೊರಟು ಬಂದೆವು.

ಆ ಮಾತು ಬಾಕಿಯೇ ಉಳಿಯಿತು. ಶಾಂತಾ ಆ ಟವೆಲ್ಲನ್ನು ಒಗೆದು, ಮಡಚಿ, ಗಾಡಿಯಲ್ಲಿ ಇಟ್ಟಿದ್ದಳು. ಮುಂದೊಂದು ದಿನ ಹುಕ್ಕೇರಿಯ ಸಂತೆ ಮುಗಿಸಿ ಯಮಕನಮರಡಿಗೆ ಹಿಂಡಿ ಒಯ್ಯುತ್ತಿದ್ದೆ. ಹುಕ್ಕೇರಿ ಬಸ್ ನಿಲ್ದಾಣದಲ್ಲಿ ಗುರುಸಿದ್ದಪ್ಪ ನಿಂತಿದ್ದರು. "ಬರ್ರಿ, ನಿಮ್ಮ ಊರಿಗೇ ಹೊಂಟೇನಿ" ಎಂದು ಕರೆದೆ. ಅವರು ಬಾಗಿಲು ತೆಗೆದು, ಹತ್ತುವ ಮೊದಲು, ಸೀಟಿನ ಕೆಳಗೆ ಒಮ್ಮೆ ಬಗ್ಗಿ ನೋಡಿದರು! ವ್ಯಂಗ್ಯವಲ್ಲ, ಅದು ಅವರ ರೂಢಿ. ನನ್ನ ಮುಖ ಮಾತ್ರ ಕೆಂಪಾಯಿತು.

ಹೇಳಬೇಕು, ಹೇಳಬೇಕು ಎಂದುಕೊಳ್ಳುತ್ತಲೇ ದಾರಿ ಮುಗಿಯಿತು. ದಾರಿಯುದ್ದಕ್ಕೂ ನಾನು ಮಾತಾಡಿದ್ದು ಹತ್ತಿಕಾಳು ಹಿಂಡಿಯ ಬಗ್ಗೆ. ಅವರು ಇಳಿದು, ನಾನು ಮರಳಿಸಿದ ಟವೆಲ್ಲನ್ನು ಹೆಗಲಿಗೆ ಹಾಕಿಕೊಂಡು, "ಬರ್ತೇನ್ರಿ" ಎಂದು ಎರಡೂ ಕೈ ಜೋಡಿಸಿದರು. ಎಲ್ಲರಿಗೂ ಮಾಡುವ ನಮಸ್ಕಾರವೇ. ನನಗೆ ಶೋರೂಮಿನ ಆ ಕೈಗಳೇ ಕಂಡವು. ನಾನು ಬಾಯಿ ತೆರೆಯುವಷ್ಟರಲ್ಲಿ ಅವರು ಗಾಡಿಯ ಮುಂದೆ, ರಸ್ತೆಯ ಅಂಚಿನಲ್ಲಿ ನಡೆದು ಹೋಗುತ್ತಿದ್ದರು.

ಕರೆದು ನಿಲ್ಲಿಸಿ ಇವತ್ತು ಹೇಳಿಯೇ ಬಿಡೋಣ ಎಂದು ಹಾರ್ನ್ ಒತ್ತಿದೆ. ಈ ಸಲ ಹೊಟ್ಟೆಯಿಂದಲ್ಲ, ಕೈಯಿಂದಲೇ.

ಅವರು ತಿರುಗಿ ನೋಡಿದರು. ದೊಡ್ಡ ಗಾಡಿಯವರಿಗೆ ದಾರಿ ಬೇಕಾಗಿದೆ ಎಂದುಕೊಂಡು, ಪಕ್ಕದ ಮುಳ್ಳುಕಂಟಿಗೆ ತಾಗುವಷ್ಟು ಬದಿಗೆ ಸರಿದು ನಿಂತರು.

ನಾನೇನು ಮಾಡಿದೆ ಎನ್ನುತ್ತೀರಾ? ದಾರಿ ಬಿಟ್ಟಿದ್ದರಲ್ಲ, ಹೋದೆ!